ಗ್ರಾಫಿಕ್ಸ್ ಕಾರ್ಡ್ ಉಳಿಸಿಕೊಂಡು ಹಳೆಯ ಗೇಮಿಂಗ್ ಪಿಸಿಗೆ ಹೊಸ ಜೀವ ಕೊಟ್ಟ ಅನುಭವ

ಎಂಟು ವರ್ಷ ಹಳೆಯದಾದ ಗೇಮಿಂಗ್ ಕಂಪ್ಯೂಟರಿನ ಪ್ರೊಸೆಸರ್, ಮದರ್‌ಬೋರ್ಡ್, ಎಸ್‌ಎಂಪಿಎಸ್ (ಭಾಗಗಳಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ಮತ್ತು ಡಿಸ್ಕನ್ನು ಬದಲಿಸಿ, ಗ್ರಾಫಿಕ್ಸ್ ಕಾರ್ಡನ್ನು ಇದ್ದಂತೆಯೇ ಉಳಿಸಿಕೊಳ್ಳುವ ಕೆಲಸವನ್ನು ಈಗಷ್ಟೇ ಮುಗಿಸಿದ್ದೇನೆ. ಯಾವ ಭಾಗ ಯಾವುದಕ್ಕೆ ಹೊಂದುತ್ತದೆ, ಯಾವ ಕಾಗದವನ್ನು ಜೋಪಾನವಾಗಿಡಬೇಕು, ಎಲ್ಲವನ್ನೂ ಜೋಡಿಸಿದ ಮೇಲೂ ಪರದೆ ಕಪ್ಪಾಗಿಯೇ ನಿಂತರೆ ಏನು ಮಾಡಬೇಕು ಎಂಬುದನ್ನೆಲ್ಲ ಒಂದೇ ಕಡೆ ಕನ್ನಡದಲ್ಲಿ ವಿವರಿಸಿದ ಬರಹ ನನಗೆ ಸಿಗಲಿಲ್ಲ. ಕಾರ್ಡ್ ಗಟ್ಟಿಯಾಗಿದ್ದು ಉಳಿದದ್ದೆಲ್ಲ ಸೋತಿರುವ ಯಂತ್ರವನ್ನು ಇಟ್ಟುಕೊಂಡಿರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನನ್ನ ಯಂತ್ರ 2017ರಲ್ಲಿ ಜೋಡಿಸಿದ್ದು. ಇಂಟೆಲ್ ಕೋರ್ ಐ5-7400 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4-2400 ರ‍್ಯಾಮ್, 240 ಜಿಬಿಯ ಸಾಟಾ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್‌ಡಿಸ್ಕ್. ಮೊದಲು ಅದರಲ್ಲಿದ್ದ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1050 ಟಿಐ. 2021ರಲ್ಲಿ ಕ್ರಿಪ್ಟೊ ಮೈನಿಂಗ್ ಹುಚ್ಚಿನಿಂದಾಗಿ ಕಾರ್ಡುಗಳ ಬೆಲೆ ಕೈಗೆ ಎಟುಕದಂತಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟ ಮೇಲೆ ಬೆಲೆ ಇಳಿಯಿತು, ಆಗ ಹಣ ಕೂಡಿಸಿ 12 ಜಿಬಿಯ ಆರ್‌ಟಿಎಕ್ಸ್ 3060 ಕೊಂಡೆ. ಉಳಿದ ಭಾಗಗಳನ್ನು ಮುಂದೆ ನೋಡಿಕೊಂಡರಾಯಿತು ಎಂಬ ಲೆಕ್ಕ ಆಗಲೇ ಮನಸ್ಸಿನಲ್ಲಿತ್ತು. ಆ ‘ಮುಂದೆ’ ಬಂದದ್ದು ಎರಡು ಕಾರಣಗಳು ಒಟ್ಟಿಗೇ ಕೂಡಿದಾಗ.

ಮೊದಲನೆಯದು, ಆಟ ತಡವರಿಸುತ್ತಿತ್ತು. ಸೈಬರ್‌ಪಂಕ್ 2077ರಲ್ಲಿ ಜನಸಂದಣಿಯ ಬೀದಿಗೆ ಕಾರು ತಿರುಗಿಸಿದರೆ ಚಿತ್ರ ಅರೆಕ್ಷಣ ಹಾಗೇ ನಿಂತು ಆಮೇಲೆ ಮುಂದಕ್ಕೆ ಹಾರುತ್ತಿತ್ತು. ಕೌಂಟರ್-ಸ್ಟ್ರೈಕ್ 2 ಆಡುತ್ತ ಹಿಂದೆ ಗೆಳೆಯರೊಂದಿಗೆ ಮಾತಾಡಲು ಡಿಸ್ಕಾರ್ಡ್ ತೆರೆದಿಟ್ಟರೆ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಎರಡನೆಯದು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆ ಅಥವಾ ಅದರ ಮುಂದಿನ ಪ್ರೊಸೆಸರ್ ಬೇಕು, ನನ್ನದು ಏಳನೆಯದು. ಇದೇ ಸ್ಥಿತಿಯಲ್ಲಿರುವವರು ಗಾಬರಿಪಡಬೇಕಾಗಿಲ್ಲ. ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್‌ಗಳು ಬರುತ್ತವೆ. ನಾನೂ ಹಾಗೆ ನೋಂದಾಯಿಸಿಕೊಂಡು, ಸಮಾಧಾನವಾಗಿ ಯೋಚಿಸಲು ಸಮಯ ಪಡೆದೆ.

ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ. ನಮ್ಮ ತುಮಕೂರಿನ ಅಂಗಡಿಯೊಂದರಲ್ಲಿ, “ಕಾರ್ಡ್ ಹಳೇದಾಯ್ತಲ್ಲ ಸಾರ್, 5060 ಹಾಕಿಸಿಬಿಡಿ, ಎಲ್ಲ ಸರಿಹೋಗುತ್ತೆ” ಎಂದರು. ಮೂವತ್ತು ಸಾವಿರದಷ್ಟು ಹಣವನ್ನು ಊಹೆಯ ಮೇಲೆ ಸುರಿಯಲು ನನಗೆ ಮನಸ್ಸಾಗಲಿಲ್ಲ. ಖರೀದಿಗೆ ಮೊದಲು ಅಳೆಯಬೇಕು. ಈ ಬರಹದಲ್ಲಿ ಬೇರೇನೂ ನೆನಪಿನಲ್ಲಿ ಉಳಿಯದಿದ್ದರೂ ಇದೊಂದು ಉಳಿಯಲಿ ಎಂಬುದು ನನ್ನ ಆಸೆ, ಆದ್ದರಿಂದ ಅಳೆದ ಬಗೆಯನ್ನು ಬಿಡಿಸಿ ಹೇಳುತ್ತೇನೆ.

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ಆಟದ ಮೂಲೆಯಲ್ಲೇ ಕಾರ್ಡ್ ಮತ್ತು ಪ್ರೊಸೆಸರ್ ಎಷ್ಟೆಷ್ಟು ದುಡಿಯುತ್ತಿವೆ ಎಂಬ ಅಂಕಿಗಳು ಕಾಣುತ್ತವೆ. ನನ್ನ ಪ್ರೊಸೆಸರಿನ ನಾಲ್ಕೂ ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ನೂರಕ್ಕೆ ನೂರು ದುಡಿಯುತ್ತಿದ್ದವು, ಕಾರ್ಡ್ ಮಾತ್ರ ಶೇ. 60ರ ಆಸುಪಾಸಿನಲ್ಲೇ ಇತ್ತು. ಬಡಿಸುವವರು ಬಾರದೆ ಎಲೆಯ ಮುಂದೆ ಕುಳಿತವರ ಹಾಗಿತ್ತು ಅದರ ಪಾಡು. ಇನ್ನಷ್ಟು ಖಚಿತಪಡಿಸಿಕೊಳ್ಳಲು ಸೈಬರ್‌ಪಂಕ್‌ನೊಳಗೇ ಇರುವ ಬೆಂಚ್‌ಮಾರ್ಕನ್ನು (ವೇಗ ಅಳೆಯುವ ಪರೀಕ್ಷೆಯನ್ನು) ಮೊದಲು 1080ಪಿಯಲ್ಲಿ, ಆಮೇಲೆ ಉಳಿದ ಯಾವ ಸೆಟ್ಟಿಂಗನ್ನೂ ಮುಟ್ಟದೆ 720ಪಿಯಲ್ಲಿ ಓಡಿಸಿದೆ. ರೆಸಲ್ಯೂಶನ್ ಇಳಿಸಿದಾಗ ಕಾರ್ಡಿನ ಹೊರೆ ಹಗುರಾಗುತ್ತದೆ, ಪ್ರೊಸೆಸರಿನ ಹೊರೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 1080ಪಿಯಲ್ಲಿ ಸರಾಸರಿ 48 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಎಣಿಕೆ) ಬಂದರೆ 720ಪಿಯಲ್ಲಿ 50 ಬಂತು. ಕಾರ್ಡಿಗೆ ಅಷ್ಟು ಬಿಡುವು ಕೊಟ್ಟರೂ ವೇಗ ಹೆಚ್ಚಲಿಲ್ಲ ಎಂದರೆ ತಡೆ ಇರುವುದು ಪ್ರೊಸೆಸರಿನಲ್ಲೇ. ನಿಮ್ಮ ಯಂತ್ರದಲ್ಲಿ 720ಪಿಗೆ ಇಳಿಸಿದ ಕೂಡಲೇ ವೇಗ ಜೋರಾಗಿ ಏರಿದರೆ, ಆಗ ಸೋತಿರುವುದು ಕಾರ್ಡ್. ಈ ಬರಹದ ಮುಂದಿನ ದಾರಿ ನಿಮ್ಮದಲ್ಲ.

ಇನ್ನು ಅಂಗಡಿಯವರು ಹೇಳಿದ ಆರ್‌ಟಿಎಕ್ಸ್ 5060 ಕಾರ್ಡಿನ ಮಾತು. ಅದರಲ್ಲಿರುವುದು 8 ಜಿಬಿ ಮೆಮೊರಿ, ನನ್ನದರಲ್ಲಿ 12. ಅಲ್ಲದೆ ಅದು ಪಿಸಿಐ ಎಕ್ಸ್‌ಪ್ರೆಸ್‌ನ (ಕಾರ್ಡನ್ನು ಬೋರ್ಡಿಗೆ ಬೆಸೆಯುವ ದಾರಿಯ) ಎಂಟು ಲೇನ್‌ಗಳನ್ನಷ್ಟೇ ಬಳಸುವ ಕಾರ್ಡ್. ಹಳೆಯ ಬೋರ್ಡಿನ 3.0 ಸ್ಲಾಟಿನಲ್ಲಿ ಕೂರಿಸಿದರೆ ಅದರ ದಾರಿಯೇ ಕಿರಿದಾಗುತ್ತದೆ. 3060 ಹದಿನಾರು ಲೇನ್‌ಗಳನ್ನೂ ಬಳಸುವುದರಿಂದ 3.0 ಸ್ಲಾಟಿನಲ್ಲೂ ಅದಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಇಷ್ಟು ತಿಳಿದ ಮೇಲೆ ಕಾರ್ಡ್ ಉಳಿಯುತ್ತದೆ, ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು ಎಂದು ತೀರ್ಮಾನಿಸಿದೆ.

ಪ್ರೊಸೆಸರ್ ಆಯ್ಕೆಯಲ್ಲಿ ನಾಲ್ಕು ದಾರಿಗಳಿದ್ದವು. ಇದೇ ಬೋರ್ಡಿಗೆ ಸೆಕೆಂಡ್ ಹ್ಯಾಂಡ್ ಐ7-7700 ಹಾಕುವುದು ಎಲ್ಲಕ್ಕಿಂತ ಸುಲಭದ್ದು. ಆದರೆ ಕೋರ್‌ಗಳು ಮತ್ತೆ ನಾಲ್ಕೇ, ವಿಂಡೋಸ್ 11ರ ಪಟ್ಟಿಯಲ್ಲಿ ಅದೂ ಇಲ್ಲ, ಹಾಗಾಗಿ ಆ ಹಣ ಒಂದು ವರ್ಷಕ್ಕಷ್ಟೇ ಬಾಳುತ್ತದೆ. ಎಂಟನೇ ಪೀಳಿಗೆಯ ಪ್ರೊಸೆಸರ್ ಕೂಡ ಎಲ್‌ಜಿಎ 1151 ಎಂಬ ಸಾಕೆಟ್ಟಿನದೇ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಆದ್ದರಿಂದ ಅದನ್ನೇ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಸಾಕೆಟ್ಟಿನ ಹೆಸರು ಒಂದೇ ಆದರೂ 100 ಮತ್ತು 200 ಸರಣಿಯ ಬೋರ್ಡುಗಳು (ನನ್ನ ಎಚ್110 ಕೂಡ) ಅದನ್ನು ಒಪ್ಪುವುದಿಲ್ಲ. ಎರಡನೆಯ ದಾರಿ ಎಎಂಡಿಯ ಎಎಂ5 ಸಾಕೆಟ್, ಅಂದರೆ ಅದರಲ್ಲಿ ಕೂರುವ ರೈಜೆನ್ 5 7600. ಮುಂದಿನ ಪೀಳಿಗೆಯ ಪ್ರೊಸೆಸರುಗಳಿಗೂ ಜಾಗವಿರುವ, ಭವಿಷ್ಯವುಳ್ಳ ವೇದಿಕೆ ಅದು. ನನಗೂ ಮನಸ್ಸು ಅಲ್ಲೇ ಇತ್ತು. ತೊಡಕು ಬಂದದ್ದು ರ‍್ಯಾಮಿನಲ್ಲಿ: ಎಎಂ5ಗೆ ಡಿಡಿಆರ್5 ಆಗಲೇಬೇಕು, ನನ್ನ ಡಿಡಿಆರ್4 ಅಲ್ಲಿ ನಡೆಯುವುದಿಲ್ಲ.

ರ‍್ಯಾಮಿನ ಬೆಲೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ಇಡೀ ಲೆಕ್ಕಾಚಾರವನ್ನು ತಿರುಗಿಸಿದ್ದು ಅದೇ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಸರ್ವರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಸಂಸ್ಥೆ ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ನಾನು ಮಳೆಗಾಲದಲ್ಲಿ ಬರೆದಿಟ್ಟುಕೊಂಡಿದ್ದ ಡಿಡಿಆರ್5 ದರ ಚಳಿಗಾಲದಲ್ಲಿ ಕೇಳಿದಾಗ ದುಪ್ಪಟ್ಟನ್ನೂ ಮೀರಿತ್ತು. ಬೆಳಿಗ್ಗೆ ಹೇಳಿದ ದರಕ್ಕೆ ಸಂಜೆ ಕೊಡಲಾಗದು ಎಂದು ಅಂಗಡಿಯವರೇ ಎಚ್ಚರಿಸುತ್ತಿದ್ದರು. ಎಎಂ5 ಪ್ರೊಸೆಸರ್, ಬೋರ್ಡ್, 32 ಜಿಬಿ ರ‍್ಯಾಮ್ ಸೇರಿ ಲೆಕ್ಕ ಐವತ್ತು ಸಾವಿರ ದಾಟಿತು. ಬೆಲೆ ಇಳಿಯಬಹುದೆಂದು ಕಾದು ನೋಡಿದ ದಿನಗಳು ಬೇಸರದವು. ಪ್ರತಿ ವಾರ ಪಟ್ಟಿ ತೆರೆದಾಗಲೂ ಮೊತ್ತ ಮೇಲಕ್ಕೇ ಹೋಗಿರುತ್ತಿತ್ತು.

ಹಾಗಾಗಿ ಇರುವ ಡಿಡಿಆರ್4 ಅನ್ನೂ ಉಳಿಸಿಕೊಳ್ಳುವ ದಾರಿ ಬೇಕಾಯಿತು. ಅಲ್ಲಿ ಉಳಿದದ್ದು ಎರಡು: ಇಂಟೆಲ್ ಐ5-12400ಎಫ್ ಅಥವಾ ಎಎಂಡಿ ರೈಜೆನ್ 5 5600. ಎರಡೂ 2022ರವು, ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು). 3060ಕ್ಕೆ ಎರಡರಲ್ಲಿ ಯಾವುದಾದರೂ ಸಾಕು. ನಾನು 5600 ಆರಿಸಿದ್ದು ಬೋರ್ಡಿನ ಕಾರಣಕ್ಕೆ. ಬಿ550 ಬೋರ್ಡಿನಲ್ಲಿ ಕಾರ್ಡಿಗೂ ಮೊದಲ ಎಂ.2 (ಬೋರ್ಡಿಗೇ ಚುಚ್ಚುವ) ಡಿಸ್ಕಿಗೂ ಪಿಸಿಐ ಎಕ್ಸ್‌ಪ್ರೆಸ್ 4.0 ಸಿಗುತ್ತದೆ, ಮತ್ತು ಪ್ರೊಸೆಸರ್ ಗುರುತಿಸದಿದ್ದರೂ ಬಯೋಸನ್ನು (ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶವನ್ನು) ಹೊಸದಾಗಿಸಬಲ್ಲ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಮಾದರಿ ನನ್ನ ಬಜೆಟ್ಟಿನೊಳಗೆ ಇತ್ತು. ಆ ಬಟನ್ ಇರಲೇಬೇಕೆಂದು ಹಟ ಹಿಡಿದದ್ದು ಮುಂದೆ ನನ್ನನ್ನು ಕಾಪಾಡಿತು. ಹೆಸರು ಹತ್ತಿರವಿದೆಯೆಂದು 5500 ಅಥವಾ 5600ಜಿ ಕೊಡಲು ಬಂದರೆ ಯೋಚಿಸಿ ಒಪ್ಪಿಕೊಳ್ಳಿ; ಅವುಗಳಲ್ಲಿ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 32 ಎಂಬಿಯ ಬದಲು 16, ಪಿಸಿಐ ಎಕ್ಸ್‌ಪ್ರೆಸ್ 4.0ರ ಬದಲು 3.0.

ಎಸ್‌ಎಂಪಿಎಸ್ ಬದಲಿಸಬೇಕೇ ಎಂಬುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಹಳೆಯ 450 ವ್ಯಾಟ್‌ನದು ಇನ್ನೂ ನಡೆಯುತ್ತಿತ್ತು. ಆದರೆ ಅದರಲ್ಲಿ ಪ್ರೊಸೆಸರಿಗೆ ನಾಲ್ಕು ಪಿನ್ನಿನ ಒಂದೇ ಕೇಬಲ್ ಇತ್ತು, ಹೊಸ ಬೋರ್ಡ್ ಎಂಟು ಪಿನ್ ಕೇಳುತ್ತದೆ. 3060 ಒಂದೇ 170 ವ್ಯಾಟ್ ಎಳೆಯುವ ಕಾರ್ಡ್, ಅದಕ್ಕೆ ಎನ್‌ವಿಡಿಯಾ ಹೇಳುವ ಎಸ್‌ಎಂಪಿಎಸ್ 550 ವ್ಯಾಟ್‌ನದು. ಎಂಟು ಬೇಸಿಗೆ ಕಂಡ ಎಸ್‌ಎಂಪಿಎಸ್ ಸುಟ್ಟುಹೋಗುವಾಗ ತಾನೊಂದೇ ಹೋಗದೆ ಜೊತೆಗಿರುವ ಭಾಗಗಳನ್ನೂ ಎಳೆದುಕೊಂಡು ಹೋಗಬಹುದು. ಉಳಿಸಿಕೊಳ್ಳಬೇಕೆಂದು ಹೊರಟಿದ್ದ ಕಾರ್ಡನ್ನೇ ಆ ಅಪಾಯಕ್ಕೆ ಒಡ್ಡುವುದು ಸರಿಯೆನಿಸಲಿಲ್ಲ. 550 ವ್ಯಾಟ್‌ನ, ಬ್ರಾಂಜ್ ದರ್ಜೆಯ (ವಿದ್ಯುತ್ ಪೋಲಾಗದಿರುವುದರ ಗುರುತು), ಹೆಸರಿರುವ ಕಂಪನಿಯದೊಂದನ್ನು ಪಟ್ಟಿಗೆ ಸೇರಿಸಿದೆ.

ಖರೀದಿಗೆ ಕಂಪ್ಯೂಟರ್ ಭಾಗಗಳ ಅಂಗಡಿಗಳು ತುಂಬಿರುವ ಬೆಂಗಳೂರಿನ ಎಸ್.ಪಿ. ರೋಡಿಗೇ ಹೋದೆ. ತುಮಕೂರಿನಿಂದ ರೈಲಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿಂದ ನಡೆದೇ ಹೋಗಬಹುದು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಕಾಲಿಡಲು ಜಾಗವಿರುವುದಿಲ್ಲ, ಸಾಧ್ಯವಾದರೆ ವಾರದ ನಡುವೆ ಹೋಗುವುದು ಒಳ್ಳೆಯದು. ನನಗೆ ರಜೆ ಸಿಕ್ಕಿದ್ದು ಶನಿವಾರವೇ. ಮೊದಲು ಹೊಕ್ಕ ಅಂಗಡಿಯಲ್ಲಿ ಪ್ರೊಸೆಸರ್ ಅಗ್ಗವಾಗಿತ್ತು. ಕಾರಣ ಕೇಳಿದಾಗ ಅದು ಟ್ರೇ ಪ್ರೊಸೆಸರ್ ಎಂದು ತಿಳಿಯಿತು. ಟ್ರೇ ಎಂದರೆ ಡಬ್ಬಿಯಿಲ್ಲದ ಸರಕು: ಫ್ಯಾನ್ ಇರುವುದಿಲ್ಲ, ಎಎಂಡಿಯ ಮೂರು ವರ್ಷದ ವಾರಂಟಿಯೂ ಇರುವುದಿಲ್ಲ, ಅಂಗಡಿಯವರ ಮಾತೇ ವಾರಂಟಿ. ಬಾಕ್ಸ್ ಪೀಸ್ ಬೇಕೆಂದು ಮುಂದೆ ನಡೆದೆ.

ಕೊನೆಗೆ ಎಲ್ಲವೂ ಒಂದೇ ಕಡೆ ಸಿಗುವ ಅಂಗಡಿ ದೊರಕಿತು. ನಾನು ಕೇಳಿದ ಬೋರ್ಡ್ ಅಂಗಡಿಯಲ್ಲಿ ಇರಲಿಲ್ಲ. “ಕೂತ್ಕೊಳ್ಳಿ ಸಾರ್, ಗೋಡೌನಿಂದ ತರಿಸ್ತೀನಿ” ಎಂದು ಹುಡುಗನನ್ನು ಕಳಿಸಿದರು. ಗಂಟೆಗೂ ಹೆಚ್ಚು ಕಾಯ್ದ ಮೇಲೆ ಬಂದ ಡಬ್ಬಿಯ ಮೂಲೆಗಳಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು, ‘ರೈಜೆನ್ 5000 ರೆಡಿ’ (5600 ಸೇರಿದ ಸರಣಿಗೆ ಬಯೋಸ್ ಸಿದ್ಧ) ಎಂಬ ಚೀಟಿ ಅದರ ಮೇಲಿರಲಿಲ್ಲ. ಪ್ರೊಸೆಸರ್ ಕೂರಿಸಿ ಒಮ್ಮೆ ಪರದೆ ಬರುತ್ತದೆಯೇ ತೋರಿಸಿ ಎಂದು ಕೇಳಿದೆ. “ಇಷ್ಟು ರಶ್ಶಲ್ಲಿ ಆಗಲ್ಲ ಸಾರ್, ಈಗ ಬರೋದೆಲ್ಲ ಅಪ್‌ಡೇಟ್ ಆಗೇ ಬರುತ್ತೆ” ಎಂಬ ಉತ್ತರ ಬಂತು. ಬೇರೆ ಕಡೆ ಅದೇ ಮಾದರಿ ಇರಲಿಲ್ಲ, ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯೆಂಬ ಧೈರ್ಯದ ಮೇಲೆ ಒಪ್ಪಿಕೊಂಡೆ.

ಬಿಲ್ಲಿನ ವಿಷಯದಲ್ಲಿ ಯಾರೂ ರಾಜಿಯಾಗಬಾರದು. ಬಿಲ್ ಬೇಡವೆಂದರೆ ಇಷ್ಟು ಕಡಿಮೆ ಮಾಡುತ್ತೇನೆ ಎಂಬ ಮಾತು ಅಲ್ಲಿ ಸಾಮಾನ್ಯ. ಕಂಪ್ಯೂಟರ್ ಭಾಗಗಳಿಗೆ ಶೇ. 18ರ ಜಿಎಸ್‌ಟಿ ಇರುವುದರಿಂದ ಆ ಆಸೆ ಸಣ್ಣದೇನಲ್ಲ. ಆದರೆ ನಾಳೆ ಸರ್ವೀಸ್ ಸೆಂಟರಿನ ಕೌಂಟರಿನಲ್ಲಿ ಮೊದಲು ಕೇಳುವುದೇ ಜಿಎಸ್‌ಟಿ ಬಿಲ್ಲು. ಪ್ರತಿಯೊಂದು ಭಾಗದ ಸೀರಿಯಲ್ ನಂಬರು ಬಿಲ್ಲಿನ ಮೇಲೆ ಇರಬೇಕು, ಅದು ಡಬ್ಬಿಯ ಮೇಲಿನದಕ್ಕೆ ಹೊಂದುತ್ತದೆಯೇ ಎಂದು ಅಲ್ಲೇ ನಿಂತು ನೋಡಬೇಕು. ನನ್ನ ಬಿಲ್ಲಿನಲ್ಲಿ ಎಸ್‌ಎಂಪಿಎಸ್‌ನ ಸೀರಿಯಲ್ ಬಿಟ್ಟುಹೋಗಿತ್ತು. ಕೇಳಿದಾಗ ಕೈಯಲ್ಲಿ ಬರೆದು ಮೊಹರು ಹಾಕಿಕೊಟ್ಟರು. ಬಿಲ್ಲಿನ ಶಾಯಿ ವರ್ಷದೊಳಗೆ ಮಾಸುವುದುಂಟು, ಮನೆಗೆ ಬಂದ ದಿನವೇ ಫೋಟೊ ತೆಗೆದಿಡಿ.

ಯಂತ್ರ ಬಿಚ್ಚುವ ಮೊದಲು ಮುಗಿಸಬೇಕಾದ ಕೆಲಸಗಳಿವೆ. ಒಮ್ಮೆ ಬಿಚ್ಚಿದ ಮೇಲೆ ಅವು ಸಾಧ್ಯವಿಲ್ಲ. ವಿಂಡೋಸ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಬೇಕು. ಡಿಸ್ಕಿಗೆ ಬಿಟ್‌ಲಾಕರ್ (ಮಾಹಿತಿಗೆ ಹಾಕುವ ಗೂಢಲಿಪಿಯ ಬೀಗ) ಇದ್ದರೆ ತೆಗೆಯಬೇಕು ಇಲ್ಲವೇ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಬೇಕು. ಹೊಸ ಬೋರ್ಡಿನ ಬಯೋಸ್ ಮತ್ತು ಲ್ಯಾನ್ (ನೆಟ್‌ವರ್ಕ್) ಡ್ರೈವರನ್ನು ಇಳಿಸಿಕೊಂಡು, ವಿಂಡೋಸ್ 11ರ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಟ್ಟುಕೊಳ್ಳಬೇಕು. ಇವನ್ನೆಲ್ಲ ಹಿಂದಿನ ರಾತ್ರಿಯೇ ಮಾಡಿಟ್ಟಿದ್ದೆ. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇಲ್ಲದವರಿಗೆ ಇದು ಇನ್ನೂ ಮುಖ್ಯ.

ಕಾರ್ಡ್ ತೆಗೆಯುವಾಗ ಕೈ ನಡುಗಿದ್ದು ನಿಜ. ಸ್ಲಾಟಿನ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕೊಂಡಿ ಇರುತ್ತದೆ; ಅಗಲವಾದ ಕಾರ್ಡಿನ ಕೆಳಗೆ ಅದು ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ಎಟುಕುವುದಿಲ್ಲ. ತಮ್ಮ ಟಾರ್ಚ್ ಹಿಡಿದ, ನಾನು ಮರದ ಚಪ್ಪಟೆ ಐಸ್‌ಕ್ರೀಂ ಕಡ್ಡಿಯಿಂದ ಆ ಕೊಂಡಿಯನ್ನು ಕೆಳಕ್ಕೆ ಒತ್ತಿದೆ, ‘ಟಿಕ್’ ಎಂದು ಬಿಟ್ಟುಕೊಂಡಿತು. ಅದು ಬಿಡುವ ಮೊದಲು ಎಳೆದರೆ ಸ್ಲಾಟೇ ಕಿತ್ತು ಬರಬಹುದು. ಫ್ಯಾನುಗಳ ಮಧ್ಯೆ ಮೂರು ವರ್ಷದ ಧೂಳು ಹತ್ತಿಯಂತೆ ಕಟ್ಟಿಕೊಂಡಿತ್ತು. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ತೆಗೆದೆವು.

ಹೊಸ ಪ್ರೊಸೆಸರ್ ಕೂರಿಸುವುದು ಸುಲಭ. 5600 ಕೂರುವ ಎಎಂ4 ಸಾಕೆಟ್ಟಿನ ವ್ಯವಸ್ಥೆಯಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ಒತ್ತದೆಯೇ ತಾನಾಗಿ ಇಳಿಯುತ್ತದೆ. ಕಷ್ಟಪಟ್ಟದ್ದು ಕೂಲರಿನಲ್ಲಿ. ಬೋರ್ಡಿನ ಜೊತೆ ಎರಡು ಪ್ಲಾಸ್ಟಿಕ್ ಪಟ್ಟಿಗಳು ಬಿಗಿದೇ ಬಂದಿರುತ್ತವೆ, ಆದರೆ ಪ್ರೊಸೆಸರಿನ ಡಬ್ಬಿಯಲ್ಲಿ ಬರುವ ವ್ರೇತ್ ಸ್ಟೆಲ್ತ್ ಕೂಲರಿಗೆ ಆ ಪಟ್ಟಿಗಳು ಬೇಡ. ಅವುಗಳ ನಾಲ್ಕು ಸ್ಕ್ರೂ ಬಿಚ್ಚಿದ ಕೂಡಲೇ ಬೋರ್ಡಿನ ಹಿಂದಿರುವ ಲೋಹದ ತಟ್ಟೆ ಕಳಚಿ ಬೀಳುತ್ತದೆ, ಕೂಲರಿನ ಸ್ಕ್ರೂಗಳು ಹಿಡಿಯಬೇಕಾದದ್ದು ಅದೇ ತಟ್ಟೆಯನ್ನು. ಹಾಗಾಗಿ ಬೋರ್ಡನ್ನು ಕ್ಯಾಬಿನೆಟ್ಟಿಗೆ ಹಾಕುವ ಮೊದಲೇ, ಡಬ್ಬಿಯ ಮೇಲಿಟ್ಟುಕೊಂಡು, ಹಿಂದಿನಿಂದ ತಟ್ಟೆಯನ್ನು ಕೈಯಲ್ಲಿ ಒತ್ತಿ ಹಿಡಿದು, ಎದುರುಬದುರು ಮೂಲೆಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಪೇಸ್ಟ್ ಕೂಲರಿಗೇ ಹಚ್ಚಿ ಬಂದಿರುತ್ತದೆ, ಬೇರೆ ಕೊಳ್ಳಬೇಕಾಗಿಲ್ಲ.

ಕೇಬಲ್‌ಗಳ ಬಗ್ಗೆ ಎರಡು ಎಚ್ಚರಿಕೆ ಹೇಳಲೇಬೇಕು. ಪ್ರೊಸೆಸರಿನ ಎಂಟು ಪಿನ್ ಮತ್ತು ಕಾರ್ಡಿನ ಎಂಟು ಪಿನ್ ನೋಡಲು ಒಂದೇ ತರಹ ಕಂಡರೂ ಬೇರೆಬೇರೆ. ನಾಲ್ಕು-ನಾಲ್ಕಾಗಿ ಒಡೆಯುವುದು ಪ್ರೊಸೆಸರಿನದು, ಆರು-ಎರಡಾಗಿ ಒಡೆಯುವುದು ಕಾರ್ಡಿನದು. ಇನ್ನೊಂದು, ಬಿಡಿಸಿ ಹಾಕುವ ಮಾಡ್ಯುಲರ್ ಕೇಬಲ್‌ಗಳಿದ್ದರೆ ಹಳೆಯ ಎಸ್‌ಎಂಪಿಎಸ್‌ನ ಕೇಬಲನ್ನು ಹೊಸದಕ್ಕೆ ಎಂದೂ ಹಾಕಬಾರದು. ತುದಿ ಸರಿಯಾಗಿ ಕೂತರೂ ಒಳಗಿನ ತಂತಿಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ, ಡಿಸ್ಕೋ ಕಾರ್ಡೋ ಸುಡುತ್ತದೆ.

ಎಲ್ಲ ಜೋಡಿಸಿ ಸ್ವಿಚ್ ಒತ್ತಿದಾಗ ಫ್ಯಾನುಗಳು ತಿರುಗಿದವು, ದೀಪಗಳು ಹತ್ತಿದವು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಮಾನಿಟರಿನ ಕೇಬಲ್ ಕಾರ್ಡಿಗೇ ಹಾಕಿತ್ತು. 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲದ ಕಾರಣ ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ಏನೂ ಬರುವುದಿಲ್ಲ. ರ‍್ಯಾಮ್ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲೇ ಇತ್ತು. ಬೋರ್ಡಿನ ಅಂಚಿನಲ್ಲಿ ದೋಷ ತೋರಿಸುವ ಸಣ್ಣ ದೀಪಗಳ ಸಾಲಿದೆ, ಅದರಲ್ಲಿ ಸಿಪಿಯು (ಪ್ರೊಸೆಸರ್) ಎಂದು ಬರೆದದ್ದು ಕೆಂಪಾಗಿ ನಿಂತಿತ್ತು. ಗೋಡೌನಿನ ಧೂಳು ಹೊತ್ತು ಬಂದ ಆ ಬೋರ್ಡಿನಲ್ಲಿ 5000 ಸರಣಿ ಬರುವುದಕ್ಕೂ ಮುಂಚಿನ ಬಯೋಸ್ ಇತ್ತೆಂಬುದು ಸ್ಪಷ್ಟವಾಯಿತು. ಅಂಗಡಿಗೆ ಫೋನ್ ಮಾಡಿದರೆ, ಬಿಲ್ ಆದ ಮೇಲೆ ವಾಪಸ್ ಇಲ್ಲ, ಸರ್ವೀಸ್ ಸೆಂಟರಿಗೆ ಕೊಡಿ ಎಂದರು. ಭಾನುವಾರ ಎದುರಿಗಿತ್ತು. ತಿಂಗಳುಗಟ್ಟಲೆ ಕೂಡಿಸಿಟ್ಟ ಹಣ ಮೇಜಿನ ಮೇಲೆ ಉಸಿರಿಲ್ಲದೆ ಕೂತಿರುವುದನ್ನು ನೋಡುವಾಗ ಆದ ಸಂಕಟವನ್ನು ಬರೆದು ತಿಳಿಸುವುದು ಕಷ್ಟ. “ಇವತ್ತು ಬಿಡಣ್ಣ, ಬೆಳಿಗ್ಗೆ ನೋಡೋಣ” ಎಂದು ತಮ್ಮ ಹೇಳಿದ್ದು ಒಳ್ಳೆಯದಾಯಿತು. ದಣಿದ ಕೈಯಲ್ಲಿ ಬಯೋಸ್ ಕೆಲಸ ಮಾಡಬಾರದು.

ಮರುದಿನ ಫ್ಲ್ಯಾಶ್‌ಬ್ಯಾಕ್ ಮಾಡಿದೆವು. ಪೆನ್‌ಡ್ರೈವ್ ಎಫ್‌ಎಟಿ32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಬೇಕು. 32 ಜಿಬಿಗಿಂತ ದೊಡ್ಡ ಪೆನ್‌ಡ್ರೈವನ್ನು ವಿಂಡೋಸಿನ ಸಾಮಾನ್ಯ ಫಾರ್ಮ್ಯಾಟ್ ಕಿಟಕಿ ಹಾಗೆ ಮಾಡಲು ಬಿಡುವುದಿಲ್ಲ, ಆದ್ದರಿಂದ ಪಕ್ಕದ ಮನೆಯಿಂದ 8 ಜಿಬಿಯ ಹಳೆಯದೊಂದನ್ನು ತಂದೆವು. ಬಯೋಸ್ ಕಡತವನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದ ಹೆಸರಿಗೇ ಬದಲಿಸಿ, ಹಿಂಬದಿಯಲ್ಲಿ ಅದಕ್ಕೆಂದೇ ಗುರುತು ಮಾಡಿದ ಯುಎಸ್‌ಬಿ ಕಿಂಡಿಗೆ ಚುಚ್ಚಿ, ಯಂತ್ರ ಆಫ್ ಇದ್ದು ಎಸ್‌ಎಂಪಿಎಸ್ ಆನ್ ಇರುವಾಗ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಪಕ್ಕದ ದೀಪ ಮಿಟುಕಲು ಶುರುವಾದರೆ ಕೆಲಸ ನಡೆಯುತ್ತಿದೆ ಎಂದರ್ಥ. ಈ ಹೊತ್ತಿನಲ್ಲಿ ಕರೆಂಟ್ ಹೋದರೆ ಬೋರ್ಡ್ ಕೆಡುವ ಅಪಾಯವಿರುವುದರಿಂದ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಕೆಲವು ನಿಮಿಷಗಳ ಮೇಲೆ ದೀಪ ಆರಿತು, ಸ್ವಿಚ್ ಒತ್ತಿದೆವು, ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು. ಇಬ್ಬರೂ ಒಟ್ಟಿಗೇ ಕೂಗಿದ್ದು ಅಡುಗೆಮನೆಗೂ ಕೇಳಿ ಅಮ್ಮ ಓಡಿಬಂದರು.

ಆ ಬಿಳಿ ಅಕ್ಷರಗಳು ಹೇಳುತ್ತಿದ್ದುದು ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಭದ್ರತಾ ಕೀಗಳನ್ನು ಕಾಯುವ ಟಿಪಿಎಂ ಘಟಕ) ರೀಸೆಟ್ ಮಾಡಲೇ ಎಂದು. ಡಿಸ್ಕಿನಲ್ಲಿ ಬಿಟ್‌ಲಾಕರ್ ಇಲ್ಲದಿದ್ದರೆ ಕೀಬೋರ್ಡಿನ ವೈ (Y) ಒತ್ತಬಹುದು. ಇದ್ದು ರಿಕವರಿ ಕೀ ಕೈಯಲ್ಲಿಲ್ಲದಿದ್ದರೆ ಒತ್ತಬೇಡಿ. ಬಯೋಸಿನೊಳಗೆ ಸಿಎಸ್‌ಎಂ (ಹಳೆಯ ಬಗೆಯ ಬೂಟ್) ಆಫ್, ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಷ್ಟೇ ಬೂಟ್ ಆಗುವ ಭದ್ರತೆ) ಆನ್, ರೀಸೈಜಬಲ್ ಬಾರ್ ಆನ್ ಮಾಡಿದೆ. ಹಳೆಯ ಬೋರ್ಡಿನಲ್ಲಿ ಇಲ್ಲದಿದ್ದ ಈ ಕೊನೆಯ ಸೌಲಭ್ಯದಿಂದ ಕಾರ್ಡಿನ ಪೂರ್ಣ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ತಲುಪುತ್ತದೆ. 3060 ಹುಟ್ಟಿನಿಂದಲೇ ಅದಕ್ಕೆ ಸಿದ್ಧವಿದ್ದ ಕಾರ್ಡ್. ಸೆಕ್ಯೂರ್ ಬೂಟ್ ಅನ್ನು ಅಲಕ್ಷಿಸಬೇಡಿ, ವ್ಯಾಲೊರಂಟ್‌ನಂಥ ಆಟಗಳು ವಿಂಡೋಸ್ 11ರಲ್ಲಿ ಅದನ್ನೂ ಟಿಪಿಎಂ 2.0 ಅನ್ನೂ ಕೇಳುತ್ತವೆ.

ಎಂ.2 ಸ್ಲಾಟಿಗೆ ಹಾಕಿದ ಹೊಸ ಎನ್‌ವಿಎಂಇ ಡಿಸ್ಕಿಗೆ ವಿಂಡೋಸ್ 11 ಅನ್ನು ಹೊಸದಾಗಿ ಹಾಕಿದೆ. ಹಳೆಯ ಡಿಸ್ಕಿನಿಂದಲೇ ಬೂಟ್ ಮಾಡಬೇಕೆನ್ನುವವರು ಅದು ಎಂಬಿಆರ್ ಎಂಬ ಹಳೆಯ ವಿಭಜನಾ ವಿಧಾನದ್ದೇ ಎಂದು ಮೊದಲು ನೋಡಿಕೊಂಡು, ಹಾಗಿದ್ದರೆ ವಿಂಡೋಸಿನಲ್ಲೇ ಇರುವ ಎಂಬಿಆರ್2ಜಿಪಿಟಿ ಸಾಧನದಿಂದ ಬದಲಿಸಿಕೊಳ್ಳಬೇಕಾಗುತ್ತದೆ. ಅದಕ್ಕೂ ಮೊದಲು ಬ್ಯಾಕಪ್ ಇರಲೇಬೇಕು. ಇನ್‌ಸ್ಟಾಲ್ ನಡುವೆ ಇಂಟರ್ನೆಟ್ ಇಲ್ಲವೆಂದು ನಿಂತುಬಿಟ್ಟಿತು, ಬೋರ್ಡಿನ ಲ್ಯಾನ್ ಚಿಪ್ಪನ್ನು ವಿಂಡೋಸ್ ಗುರುತಿಸಲಿಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದಾಗ ಮುಂದೆ ಸಾಗಿತು.

ಆಕ್ಟಿವೇಶನ್ ಕೂಡ ಒಂದೇ ಸಲಕ್ಕೆ ಆಗಲಿಲ್ಲ. ಬೋರ್ಡ್ ಬದಲಾದರೆ ವಿಂಡೋಸಿಗೆ ಅದು ಬೇರೆಯೇ ಕಂಪ್ಯೂಟರ್. ಯಂತ್ರದ ಜೊತೆ ಬಂದ ಒಇಎಂ ಲೈಸೆನ್ಸ್ ಹಳೆಯ ಬೋರ್ಡಿನೊಂದಿಗೇ ಮುಗಿಯುತ್ತದೆ, ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸನ್ನು ಮಾತ್ರ ಹೊಸದಕ್ಕೆ ಒಯ್ಯಬಹುದು. ನನ್ನದು ರೀಟೇಲ್. ಟ್ರಬಲ್‌ಶೂಟರಿನಲ್ಲಿ ಈಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬ ಆಯ್ಕೆಯನ್ನು ಒತ್ತಿದರೂ ಒಪ್ಪಲಿಲ್ಲ. 2017ರ ವಿಂಡೋಸ್ ಡಬ್ಬಿಯಲ್ಲಿದ್ದ ಕೀ ಚೀಟಿಯನ್ನು ಅಪ್ಪ ಎಲ್‌ಐಸಿ ಪತ್ರಗಳ ಫೈಲಿನಲ್ಲಿ ಇಟ್ಟಿದ್ದರು. ಅದರ 25 ಅಕ್ಷರಗಳ ಕೀ ಹಾಕಿದ ಮೇಲೆ ಒಪ್ಪಿಕೊಂಡಿತು. ಆಟಗಳನ್ನು ಮತ್ತೆ ಇಳಿಸಬೇಕಾಗಲಿಲ್ಲ. ಹಳೆಯ ಹಾರ್ಡ್‌ಡಿಸ್ಕಿನ ಫೋಲ್ಡರನ್ನು ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗಿನಲ್ಲಿ ಸೇರಿಸಿದರೆ ಎಲ್ಲವೂ ಕಾಣಿಸುತ್ತವೆ, ಬೇಕಾದ್ದನ್ನು ಹೊಸ ಡಿಸ್ಕಿಗೆ ಅಲ್ಲಿಂದಲೇ ಸರಿಸಬಹುದು.

ಅದೇ ಬೆಂಚ್‌ಮಾರ್ಕನ್ನು ಅದೇ ಸೆಟ್ಟಿಂಗಿನಲ್ಲಿ ಓಡಿಸಿದಾಗ 1080ಪಿಯಲ್ಲಿ ಸರಾಸರಿ 76 ಎಫ್‌ಪಿಎಸ್ ಬಂತು, ಕಾರ್ಡಿನ ದುಡಿಮೆ ಶೇ. 97ಕ್ಕೆ ಏರಿತು. ಅಂಕಿಗಿಂತ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಬೀದಿಯ ತಿರುವಿನಲ್ಲಿ ಆ ತಡವರಿಕೆ ಇಲ್ಲದಿರುವುದು. ಪ್ರೊಸೆಸರಿನ ಶಾಖ 80 ಡಿಗ್ರಿ ದಾಟಲು ನೋಡುತ್ತಿತ್ತು. 5600ರ ಮಿತಿ 90 ಡಿಗ್ರಿಯಾದರೂ ಬೇಸಿಗೆಯನ್ನು ನೆನೆದು ಕ್ಯಾಬಿನೆಟ್ಟಿನ ಮುಂಭಾಗಕ್ಕೆ 120 ಎಂಎಂ ಫ್ಯಾನೊಂದನ್ನು ಸೇರಿಸಿದೆ, ಈಗ ಹತ್ತಿರ ಹತ್ತಿರ 75ರಲ್ಲಿ ನಿಲ್ಲುತ್ತದೆ.

ಖರ್ಚಿನ ವಿವರ ಹೀಗಿದೆ: ಪ್ರೊಸೆಸರ್ 11,300 ರೂಪಾಯಿ, ಬೋರ್ಡ್ 9,800, ಎಸ್‌ಎಂಪಿಎಸ್ 4,400, 1 ಟಿಬಿ ಎನ್‌ವಿಎಂಇ 7,200, ಫ್ಯಾನ್ 600, ಒಟ್ಟು 33,300. ಹಳೆಯ ಪ್ರೊಸೆಸರ್ ಮತ್ತು ಬೋರ್ಡನ್ನು ಲಿನಕ್ಸ್ ಹಾಕಿಕೊಂಡು ಅಂಗಡಿ ಲೆಕ್ಕಕ್ಕೆ ಬಳಸುತ್ತೇನೆಂದ ಪರಿಚಿತರಿಗೆ 4,000ಕ್ಕೆ ಕೊಟ್ಟೆ. ವಿಂಡೋಸ್ 11 ನಡೆಯದ ಭಾಗಗಳಿಗೆ ಬೆಲೆ ಬೇಗ ಬೇಗ ಇಳಿಯುತ್ತಿದೆ, ಮಾರುವವರು ತಡಮಾಡಬೇಡಿ.

ಬಾಕಿ ಉಳಿದಿರುವುದು ರ‍್ಯಾಮ್. ರೈಜೆನ್‌ಗೆ 3200 ಅಥವಾ 3600ರ ವೇಗದ ರ‍್ಯಾಮ್ ಇದ್ದರೆ ಇನ್ನೂ ಚೆನ್ನಾಗಿ ಓಡುತ್ತದೆ, ಏಕೆಂದರೆ ಪ್ರೊಸೆಸರಿನ ಒಳಗಿನ ಭಾಗಗಳನ್ನು ಬೆಸೆಯುವ ಜಾಲದ ವೇಗವೂ ರ‍್ಯಾಮಿನ ವೇಗಕ್ಕೆ ಹೊಂದಿಕೊಂಡೇ ಇರುತ್ತದೆ. ನನ್ನ 2400ರ ಜೋಡಿಯಿಂದ ಆಗುತ್ತಿರುವ ನಷ್ಟ ಈಗಿನ ಬೆಲೆ ತೆರುವಷ್ಟು ದೊಡ್ಡದಲ್ಲವಾದ್ದರಿಂದ ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ. ನಿಮ್ಮ ಹಳೆಯ ಯಂತ್ರದಲ್ಲಿ ಒಂದೇ 8 ಜಿಬಿ ಇದ್ದರೆ ಮಾತ್ರ ಕಾಯಬೇಡಿ. ಅದೇ ವೇಗದ ಇನ್ನೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಾದರೂ ಹುಡುಕಿ ಜೋಡಿ ಮಾಡಿ, ತೆಗೆದುಕೊಳ್ಳುವ ಮೊದಲು ಮಾರುವವರ ಎದುರಿಗೇ ಒಮ್ಮೆ ಮೆಮೊರಿಯ ದೋಷ ಹುಡುಕುವ ಮೆಮ್‌ಟೆಸ್ಟ್ ಓಡಿಸಿ ನೋಡಿ.